ಟ್ರಾಮಿಗೆ ಹೆದರಿ ಊರು ಬಿಟ್ಟ ಸೂಜಿ

ಫೆಬ್ರವರಿ 24: ಪರೇಲ್

"ಮುಂಬೈಗೆ ಬಂದವರು ಸಿದ್ಧಿವಿನಾಯಕ ನೋಡ್ತಾರೆ, ಮಹಾಲಕ್ಷ್ಮಿ ನೋಡ್ತಾರೆ. ನೀನು ಪ್ಲೇಗ್ ನೋಡ್ಲಿಕ್ಕೆ ಬಂದದ್ದಾ ಮಾರಾಯ್ತಿ?"

ಡೊಂಬಿವಲಿಯ ಅಕ್ಕನ ಮನೆಯಲ್ಲಿ ಚಹಾದ ಲೋಟ ಕೈಗೆ ಬರುವ ಮೊದಲೇ ಭಾವನ ಪ್ರಶ್ನೆ ಬಂತು. ತೀರ್ಥಹಳ್ಳಿ ಕಡೆಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ಪುಸ್ತಕದಲ್ಲಿ ಬರುವ ಊರುಗಳೆಲ್ಲ ಲಂಡನ್ನು, ಪ್ಯಾರಿಸ್ಸು. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಸಿಗುವ ಊರುಗಳಲ್ಲಿ ಏನೇನು ನಡೆದಿತ್ತು ಅಂತ ಒಮ್ಮೆ ನೋಡಬೇಕು ಅನ್ನಿಸಿತ್ತು. ಐದು ದಿನದ ಪಟ್ಟಿ ಹಿಡಿದು ಬಂದಿದ್ದೆ.

ಭಾವ ಕುಂದಾಪುರದ ಕಡೆಯವರು. 1964ರ ಜನವರಿಯಲ್ಲಿ, ಹದಿಮೂರನೇ ವಯಸ್ಸಿಗೆ, ಫೋರ್ಟಿನ ಉಡುಪಿ ಹೋಟೆಲಿಗೆ ಲೋಟ ತೊಳೆಯಲು ಬಂದರು. ರಾತ್ರಿಶಾಲೆಯಲ್ಲಿ ಕನ್ನಡದಲ್ಲೇ ಓದಿದರು. ಆಮೇಲೆ ನಲವತ್ತು ವರ್ಷ ಗಲ್ಲಾದಲ್ಲಿ ಕೂತು ಲೆಕ್ಕ ನೋಡಿದರು. ಮುಂಬೈಯ ಗಲ್ಲಿ ಗಲ್ಲಿ ಗೊತ್ತು. ವಿಜ್ಞಾನ ಮಾತ್ರ "ಅದು ನಿನ್ನ ಖಾತೆ".

ಪರೇಲಿನ ಹಾಫ್‌ಕಿನ್ ಸಂಸ್ಥೆ ಇರುವುದು ಹಿಂದೆ ಬಾಂಬೆ ಗವರ್ನರ್ ವಾಸವಿದ್ದ ಬಂಗಲೆಯಲ್ಲಿ. ಮೊದಲೇ ಬರೆದು ಅನುಮತಿ ಕೇಳಿರಲಿಲ್ಲ, ತಪ್ಪು ನನ್ನದೇ. ಹೊರಗಿನಿಂದಲೇ ನೋಡಿದೆವು. "ಒಂದನೇ ಗೇಟು" ಅಂತ ಭಾವ ಲೆಕ್ಕ ಶುರುಮಾಡಿದರು. ಪಕ್ಕದ ಗಾಡಿಯಲ್ಲಿ ಕಬ್ಬಿನ ಹಾಲು ಕುಡಿಯುತ್ತಾ ಕಥೆ ಹೇಳಿದೆ.

1896ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಜನ ಊರು ಬಿಟ್ಟು ಓಡತೊಡಗಿದರು. ಸರ್ಕಾರ ಕರೆಸಿದ್ದು ವಾಲ್ಡೆಮರ್ ಹಾಫ್‌ಕಿನ್ ಎಂಬ ಒಡೆಸ್ಸಾ ಊರಿನವನನ್ನು. ಕಾಲರಾ ಲಸಿಕೆ ಮಾಡಿ ಕಲ್ಕತ್ತಾದಲ್ಲಿ ಹಾಕುತ್ತಿದ್ದವನು ಅವನು. ಅವನಿಗೆ ಬೈಕುಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕಿದ್ದು ಒಂದು ಕೋಣೆ, ಒಂದು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಜಾಸ್ತಿ ಬೆಳೆಸಬೇಕಿತ್ತು. ಅದಕ್ಕೆ ಅವನು ಬಳಸಿದ್ದು ತುಪ್ಪ! ಬ್ಯಾಕ್ಟೀರಿಯಾ ಬೆಳೆಸುವ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಡುವುದು. ಹನಿಯ ಅಡಿಯಿಂದ ಬ್ಯಾಕ್ಟೀರಿಯಾ ಎಳೆ ಎಳೆಯಾಗಿ ಕೆಳಗೆ ಇಳಿಯುತ್ತವೆ. ಅಲುಗಿಸಿದರೆ ಎಳೆ ಉದುರಿ ತಳ ಸೇರುತ್ತದೆ, ಮೇಲೆ ಹೊಸದು ಹುಟ್ಟುತ್ತದೆ. ಹೀಗೆ ಬೆಳೆದದ್ದನ್ನು ಬಿಸಿ ಮಾಡಿ ಕೊಂದರೆ ಲಸಿಕೆ. 1897ರ ಜನವರಿ 10ರಂದು ಮೊದಲ ಸೂಜಿ ಚುಚ್ಚಿಸಿಕೊಂಡದ್ದು ಅವನೇ. ಜ್ವರ ಬಂತು, ಬದುಕಿದ. ಆ ತಿಂಗಳ ಕೊನೆಗೆ ಬೈಕುಲಾ ಜೈಲಿನಲ್ಲಿ ಮುಂದೆ ಬಂದ ಕೈದಿಗಳಿಗೆ ಹಾಕಿದರು.

"ತುಪ್ಪವಾ?" ಭಾವ ಲೋಟ ಕೆಳಗಿಟ್ಟರು. ಇಷ್ಟು ಹೊತ್ತಿನಲ್ಲಿ ಅವರಿಗೆ ರುಚಿಸಿದ ಮೊದಲ ಸಂಗತಿ ಅದು.

1899ರಲ್ಲಿ ಪ್ರಯೋಗಾಲಯ ಈ ಬಂಗಲೆಗೆ ಬಂತು. ಆದರೆ 1902ರಲ್ಲಿ ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 19 ಮಂದಿ ಧನುರ್ವಾಯುವಿನಿಂದ ಸತ್ತರು. 19 ಮಂದಿಗೂ ಹಾಕಿದ್ದು ಒಂದೇ ಬಾಟಲಿಯಿಂದ. ಆ ಬಾಟಲಿ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡದೆ ಮತ್ತೆ ಬಳಸಿದ್ದ. ತಪ್ಪು ಹಳ್ಳಿಯಲ್ಲಿ ಆಯಿತು, ಆರೋಪ ಬಂದದ್ದು ಪರೇಲಿಗೆ. ಹಾಫ್‌ಕಿನ್ ಕೆಲಸ ಕಳೆದುಕೊಂಡ. 1907ರಲ್ಲಿ ರೊನಾಲ್ಡ್ ರಾಸ್ ಮತ್ತಿತರ ವಿಜ್ಞಾನಿಗಳು ಪತ್ರಿಕೆಯಲ್ಲಿ ಅವನ ಪರವಾಗಿ ಬರೆದ ಮೇಲೆ ಹೆಸರಿಗೆ ಅಂಟಿದ ಕಳಂಕ ತೊಳೆಯಿತು. ಸಂಸ್ಥೆಗೆ ಅವನ ಹೆಸರಿಟ್ಟದ್ದು 1925ರಲ್ಲಿ.

"ಹೋಟೆಲಲ್ಲೂ ಹಾಗೇ. ಲೋಟ ತೊಳೆಯದವನ ತಪ್ಪಿಗೆ ಬೈಗುಳ ಗಲ್ಲಾಕ್ಕೆ" ಅಂದರು ಭಾವ.

ಫೆಬ್ರವರಿ 25: ಕೊಲಾಬಾ

ಈ ಪ್ರವಾಸಕ್ಕೆ ಹೊರಡಿಸಿದ ಜಾಗ ನಿಜ ಹೇಳಬೇಕಂದ್ರೆ ಇದು. ಮುಂಬೈಯ ದಕ್ಷಿಣದ ತುದಿ, ಕೊಲಾಬಾದ ಹಳೆಯ ವೀಕ್ಷಣಾಲಯ. ಮಳೆಗಾಲದ ಸುದ್ದಿಯಲ್ಲಿ "ಕೊಲಾಬಾದಲ್ಲಿ ಇಷ್ಟು, ಸಾಂತಾಕ್ರೂಜಿನಲ್ಲಿ ಇಷ್ಟು" ಅಂತ ಕೇಳ್ತೀವಲ್ಲ, ಅದೇ ಕೊಲಾಬಾ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಸುರಿದಾಗ ಇಲ್ಲಿ ಬಿದ್ದದ್ದು ಬರೀ 73. ಆ ದಿನ ಭಾವ ಫೋರ್ಟಿನಿಂದ ಡೊಂಬಿವಲಿ ಸೇರಲು ಎರಡು ದಿನ ಬೇಕಾಯಿತು. ಆ ಕಥೆ ಬಸ್ಸಿನಲ್ಲಿ ಪೂರ್ತಿ ಕೇಳಿದೆ. ಬಸ್ಸು ನೇವಿ ನಗರದ ಹತ್ತಿರ ಬಂದಾಗಲೂ ಅವರಿನ್ನೂ ಕುರ್ಲಾದ ನೀರಿನಲ್ಲೇ ಇದ್ದರು.

ಮುಂದೆ ನೌಕಾಪಡೆಯ ಜಾಗ, ಪಾಸ್ ಇಲ್ಲದೆ ಹೋಗುವಂತಿಲ್ಲ. ಎರಡನೇ ಗೇಟು. ಸಮುದ್ರದ ಗಾಳಿಗೆ ನಿಂತು ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ಬಿಚ್ಚಿದೆವು.

ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ವೀಕ್ಷಣಾಲಯ ಕಟ್ಟಿಸಿದ್ದು 1826ರಲ್ಲಿ. 1841ರಿಂದ ಭೂಮಿಯ ಕಾಂತತೆ ಅಳೆಯಲು ಶುರುಮಾಡಿದರು. ಅಳೆಯುವ ರೀತಿ ಸರಳ. ಅಯಸ್ಕಾಂತದ ಒಂದು ಸೂಜಿಯನ್ನು ತೂಗುಬಿಡುವುದು, ಅದು ಎಷ್ಟು ತಿರುಗಿತು ಅಂತ ಅಳತೆಪಟ್ಟಿಯ ಮೇಲೆ ಕಣ್ಣಿನಲ್ಲೇ ನೋಡಿ ಬರೆಯುವುದು. ಹಗಲು, ರಾತ್ರಿ, ಮಳೆ ಅಂತಿಲ್ಲ. ಇಂಥ ಕೆಲಸಕ್ಕೆ ಯಾರು ಹಾರ ಹಾಕುತ್ತಾರೆ?

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳನ್ನು ಚಿತ್ರಿಸುತ್ತಿದ್ದ. ಕಲೆಗಳ ಮಧ್ಯೆ ಫಕ್ಕನೆ ಬಿಳಿ ಬೆಳಕು ಹೊತ್ತಿಕೊಂಡಿತು. ಕೆಲವೇ ನಿಮಿಷದಲ್ಲಿ ಆರಿತು. ಸುಮಾರು ಹದಿನೇಳೂವರೆ ಗಂಟೆಯ ನಂತರ ಸೂರ್ಯನಿಂದ ಹೊರಟದ್ದು ಭೂಮಿಗೆ ಬಂದು ಬಡಿಯಿತು. ಯುರೋಪು, ಅಮೆರಿಕದ ಟೆಲಿಗ್ರಾಫ್ ತಂತಿಗಳಲ್ಲಿ ಕಿಡಿ ಹಾರಿತು. ಅಲ್ಲಿನ ಬಹಳ ಕಡೆ ಸೂಜಿಗಳು ಅಳತೆಪಟ್ಟಿಯನ್ನೇ ದಾಟಿ ಹೋದವು, ಲೆಕ್ಕ ಸಿಗಲಿಲ್ಲ. ಕೊಲಾಬಾದಲ್ಲಿ ಮಾತ್ರ ಒಬ್ಬರು ಕೂತು ಬರೆಯುತ್ತಲೇ ಇದ್ದರು. ಸೂಜಿ ತೋರಿಸಿದ ಇಳಿತ ಸುಮಾರು 1600 ನ್ಯಾನೋಟೆಸ್ಲಾ (ಕಾಂತಬಲ ಅಳೆಯುವ ಮಾನ). ಇಲ್ಲಿನ ಭೂಕಾಂತದ ಅಡ್ಡಬಲದಲ್ಲಿ ಅದು ನೂರಕ್ಕೆ ನಾಲ್ಕು ಪಾಲು. ಇವತ್ತು ಅಂಥ ಕಾಂತದ ಬಿರುಗಾಳಿ ಬೀಸಿದರೆ ಉಪಗ್ರಹಗಳ ಗತಿಯೇನು, ವಿದ್ಯುತ್ ಜಾಲದ ಗತಿಯೇನು ಅಂತ ಲೆಕ್ಕ ಹಾಕುವವರು ಈಗಲೂ ತೆಗೆದು ನೋಡುವುದು ಕೊಲಾಬಾದ ಆ ಅಂಕಿಗಳನ್ನು. ಆ ದಿನ ಪಾಳಿಯಲ್ಲಿ ಕೂತವನಿಗೆ ತಾನು ಏನು ಬರೆಯುತ್ತಿದ್ದೇನೆ ಅಂತ ಗೊತ್ತಿರಲು ಸಾಧ್ಯವೇ ಇಲ್ಲ, ಅಲ್ವಾ?

"ಈಗ ಆ ಸೂಜಿ ಒಳಗಿದೆಯಾ?" ಭಾವ ಗೇಟಿನ ಕಡೆ ನೋಡಿದರು.

"ಇಲ್ಲ. ಟ್ರಾಮಿಗೆ ಹೆದರಿ ಊರು ಬಿಟ್ಟಿತು."

ಮುಂಬೈಯಲ್ಲಿ 1874ರಿಂದ ಕುದುರೆ ಎಳೆಯುವ ಟ್ರಾಮ್ ಇತ್ತು, ಅದರಿಂದ ತೊಂದರೆ ಇರಲಿಲ್ಲ. ಅದನ್ನು ವಿದ್ಯುತ್ತಿಗೆ ಬದಲಾಯಿಸುವ ಮಾತು ಬಂತು. ವಿದ್ಯುತ್ ಹರಿದಲ್ಲಿ ಕಾಂತಕ್ಷೇತ್ರ ಹುಟ್ಟುತ್ತದೆ. ಹಳಿಯಿಂದ ನೆಲಕ್ಕೆ ಸೋರುವ ವಿದ್ಯುತ್ತಿಗೆ ಸೂಜಿ ಕುಣಿಯುತ್ತದೆ. ಸೂರ್ಯನಿಂದ ಆದ ಕುಣಿತ ಯಾವುದು, ಟ್ರಾಮಿನಿಂದ ಆದದ್ದು ಯಾವುದು ಅಂತ ಹೇಳುವವರಾರು? ಆಗ ನಿರ್ದೇಶಕರಾಗಿದ್ದವರು ನಾನಾಭಾಯ್ ಮೂಸ್, ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಅವರು ಟ್ರಾಮಿನ ಜೊತೆ ಜಗಳಕ್ಕೆ ಹೋಗಲಿಲ್ಲ. ಸಮುದ್ರದ ಆಚೆ ಅಲಿಬಾಗಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿಸಿದರು.

ಭಾವನಿಗೆ ಬೇಸರವೇ ಆಯಿತು. ಅವರು ಬಂದ ವರ್ಷ, 1964ರ ಮಾರ್ಚ್ 31ರಂದು, ಕೊನೆಯ ಟ್ರಾಮ್ ಬೋರಿಬಂದರಿನಿಂದ ದಾದರಿಗೆ ಹೊರಟಾಗ ರಸ್ತೆಯಲ್ಲಿ ನಿಂತು ಕೈಬೀಸಿದ ಹುಡುಗ ಅವರು. "ನನ್ನ ಟ್ರಾಮಿಗೆ ಹೆಸರಿಡ್ಬೇಡ" ಅಂದರು.

ವಾಪಸ್ ಬರುವಾಗ ರೀಗಲ್ ಹತ್ತಿರ ಇಳಿದು ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಕಟ್ಟಡದ ಎದುರು ಸ್ವಲ್ಪ ನಿಂತೆ. ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ ಇಲ್ಲಿ ಕೆಲಸ ಮಾಡಿ, ಇದರ ನಿರ್ದೇಶಕಿಯೂ ಆದರು. 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ಹುಡುಗಿ ಅನ್ನುವ ಕಾರಣಕ್ಕೆ ಸಿ.ವಿ. ರಾಮನ್ ಬೇಡ ಅಂದಿದ್ದರು. ಕಮಲಾ ಹಟ ಹಿಡಿದು ಕೂತರು. ಕೊನೆಗೆ ಒಂದು ವರ್ಷ ಪರೀಕ್ಷೆಗೆ ಇಟ್ಟು ಸೇರಿಸಿಕೊಂಡರು. ಆಮೇಲೆ ಕೇಂಬ್ರಿಜ್‌ಗೆ ಹೋಗಿ ಡಾಕ್ಟರೇಟ್ ಪಡೆದು ಬಂದರು. ಆ ಒಂದು ವರ್ಷದ 'ಪರೀಕ್ಷೆ' ಅನ್ನುವ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ರಾಮನ್ ಪಾಠ ಮಾಡುವಾಗ ಇದನ್ನೂ ಹೇಳುತ್ತಿದ್ದೆ, ಬಿಡುತ್ತಿರಲಿಲ್ಲ.

ಗೇಟ್‌ವೇ ಪಕ್ಕದ ಹಳೆಯ ಯಾಟ್ ಕ್ಲಬ್ ಕಟ್ಟಡದಲ್ಲಿ ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1949ರಿಂದ ಹಲವು ವರ್ಷ ಇತ್ತು. ಆಮೇಲೆ ನೇವಿ ನಗರಕ್ಕೆ ಹೋಯಿತು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಇಲ್ಲಿಂದಲೇ 1951ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗೆ ಇಳಿದದ್ದು. ಆಕಾಶದಿಂದ ಬರುವ ಕಣಗಳನ್ನು ಅಳೆಯಲು ಭೂಮಿಯೊಳಗೆ! ಮೇಲಿನ ಗದ್ದಲವನ್ನೆಲ್ಲ ಬಂಡೆ ತಡೆಯುತ್ತದೆ, ತೂರಿ ಬರುವಂಥದ್ದು ಮಾತ್ರ ಕೆಳಗೆ ಸಿಗುತ್ತದೆ. 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳು (ಬಂಡೆಯನ್ನೂ ತೂರಿ ಹೋಗುವ ಸೂಕ್ಷ್ಮ ಕಣಗಳು) ಸಿಕ್ಕಿದ್ದೂ ಅಲ್ಲೇ, ಎರಡು ಕಿಲೋಮೀಟರಿಗಿಂತ ಆಳದಲ್ಲಿ.

"ಒಬ್ಬರು ಸಮುದ್ರದ ಆಚೆ, ಒಬ್ಬರು ಗಣಿಯೊಳಗೆ. ನಿಮ್ಮವರಿಗೆ ಮುಂಬೈಯಲ್ಲಿ ಕೂತು ಕೆಲಸ ಮಾಡ್ಲಿಕ್ಕೆ ಆಗುದಿಲ್ವಾ?" ಅಂದರು ಭಾವ. ನಾವು ಮನೆ ಸೇರಿದ್ದು ಸಂಜೆ ಆರೂವರೆಯ ಲೋಕಲಿನಲ್ಲಿ. ಆ ಗದ್ದಲದಲ್ಲಿ ನನಗೂ ಅದೇ ಅನ್ನಿಸಿತ್ತು.

ಫೆಬ್ರವರಿ 26: ಅಲಿಬಾಗ್

ಗೇಟ್‌ವೇಯಿಂದ ಮಾಂಡ್ವಾಕ್ಕೆ ಲಾಂಚಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ಬಸ್ಸು. ದಾರಿಯುದ್ದಕ್ಕೂ ತೆಂಗು, ಅಡಿಕೆ. ಭಾವ ಕಿಟಕಿಗೆ ಮುಖವಿಟ್ಟು ಕೂತವರು "ನಮ್ಮೂರಿನ ಹಾಗೇ" ಅನ್ನುವುದನ್ನು ಎಷ್ಟು ಸಲ ಹೇಳಿದರೋ.

ಅಲಿಬಾಗಿನ ಕಡಲಿನಲ್ಲಿ ಒಂದು ಕೋಟೆ ಇದೆ. ಇಳಿತದ ಹೊತ್ತಿಗೆ ನಡೆದುಕೊಂಡೇ ಹೋಗಬಹುದು. ತಮಾಷೆಯೆಂದರೆ ಅದರ ಹೆಸರೂ ಕೊಲಾಬಾ. ಈ ಜಿಲ್ಲೆಗೂ ಮೊದಲು ಅದೇ ಹೆಸರಿತ್ತು, ರಾಯಗಡ ಅಂತ ಆದದ್ದು 1981ರಲ್ಲಿ. "ಕೊಲಾಬಾ ಬಿಟ್ಟು ಓಡಿ ಬಂದು ಪುನಃ ಕೊಲಾಬಾದಲ್ಲೇ ಕೂತದ್ದು!" ಭಾವನಿಗೆ ನಗು ತಡೆಯಲಾಗಲಿಲ್ಲ.

ಕಾಂತತೆಯ ವೀಕ್ಷಣಾಲಯ ಕಡಲಿಗೆ ಹತ್ತಿರವೇ. ಇಲ್ಲೂ ಪತ್ರ ಬರೆದು ಬಂದವರಲ್ಲ ನಾವು. ಮೂರನೇ ಗೇಟು. ಬೇಲಿಯ ಆಚೆ ಮರಗಳು, ತಗ್ಗು ಕಟ್ಟಡ, ಒಂದು ಹಕ್ಕಿಯ ಕೂಗು. ಇದನ್ನು ನೋಡಲು ಇಷ್ಟು ದೂರ ಬಂದೆಯಾ ಅಂದರೆ, ಹೌದು. 1904ರಲ್ಲಿ ಇಲ್ಲಿ ಅಳತೆ ಶುರುವಾಯಿತು. ಕಟ್ಟುವಾಗ ಕಬ್ಬಿಣ ಬಳಸುವಂತಿರಲಿಲ್ಲ. ಕಾಂತಗುಣ ಇಲ್ಲದ ಕಲ್ಲು, ತೇಗದ ಮರ, ಮೊಳೆ ಬೇಕಾದಲ್ಲಿ ಹಿತ್ತಾಳೆ, ತಾಮ್ರ. ಮೂಸ್ ಇನ್ನೊಂದು ಜಾಣ ಕೆಲಸ ಮಾಡಿದರು. 1904ರಿಂದ 1906ರವರೆಗೆ ಕೊಲಾಬಾ, ಅಲಿಬಾಗ್ ಎರಡರಲ್ಲೂ ಒಟ್ಟಿಗೆ ಅಳೆಸಿದರು. ಹಾಗೆ ಮಾಡಿದ್ದರಿಂದ ಎರಡು ಊರಿನ ಲೆಕ್ಕಕ್ಕೂ ಇರುವ ವ್ಯತ್ಯಾಸ ಗೊತ್ತಾಯಿತು, ಹಳೆಯ ದಾರಕ್ಕೆ ಹೊಸ ದಾರ ಗಂಟು ಬಿತ್ತು. ಮುಂಬೈಯಲ್ಲಿ ವಿದ್ಯುತ್ ಟ್ರಾಮ್ ಓಡಿದ್ದು 1907ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಸೂಜಿ ಆಚೆ ದಡದಲ್ಲಿ ನೆಮ್ಮದಿಯಾಗಿತ್ತು. ಹೊಸ ಅಂಗಡಿಗೆ ಹೋಗುವ ಮುಂಚೆ ಎರಡು ಪುಸ್ತಕ ಒಟ್ಟಿಗೆ ಬರೆಯುವ ಪದ್ಧತಿ ಹೋಟೆಲಿನವರಲ್ಲೂ ಇತ್ತಂತೆ. ಭಾವ ಈ ಮೂಸ್ ಒಬ್ಬರನ್ನು ಪೂರ್ತಿ ಒಪ್ಪಿಕೊಂಡರು.

ಟ್ರಾಮ್ ಹೋಗಿ ಅರವತ್ತು ವರ್ಷ ದಾಟಿತು. ಸೂಜಿ ಇಲ್ಲೇ ಇದೆ.

"ಒಳಗೆ ಬಿಟ್ಟಿದ್ದರೂ ನಾನು ಬರ್ತಿರ್ಲಿಲ್ಲ" ಅಂದ ಭಾವ ಕಿಸೆಯಿಂದ ಬೀಗದ ಕೈಗಳ ದೊಡ್ಡ ಗೊಂಚಲು ತೆಗೆದು ತೋರಿಸಿದರು. "ಇದಕ್ಕೆ ನಿನ್ನ ಸೂಜಿ ಅಲಿಬಾಗೂ ಬಿಟ್ಟು ಓಡ್ತಿತ್ತು."

ಅವರು ಲಾಂಚ್ ಹಿಡಿದು ವಾಪಸ್ ಹೋದರು. ನಾನು ಎಸ್‌ಟಿ ಬಸ್ಸಿನಲ್ಲಿ ಪುಣೆಗೆ. ಖೋಪೋಲಿ ಘಾಟಿಯಲ್ಲಿ ಬಸ್ಸು ಒಂದೂವರೆ ಗಂಟೆ ನಿಂತಿತು, ಕಾರಣ ಯಾರೂ ಹೇಳಲಿಲ್ಲ. ಲೋಣಾವಳದಲ್ಲಿ ಶೇಂಗಾ ಚಿಕ್ಕಿ ಕೊಂಡೆ. ರಾತ್ರಿ ಹತ್ತಕ್ಕೆ ಸ್ವಾರ್‌ಗೇಟಿನಲ್ಲಿ ಕಾದಿದ್ದ ಅಕ್ಕನ ಮಗಳು ಪೊಟ್ಟಣ ನೋಡಿ "ಚಿಕ್ಕಿ ತಂದ ಚಿಕ್ಕಿ" ಅಂದಳು. ಚಿಕ್ಕಂದಿನಿಂದ ಅದನ್ನೇ ಹೇಳುತ್ತಾಳೆ, ಬೇಜಾರು ಅವಳಿಗೂ ಬಂದಿಲ್ಲ ನನಗೂ ಬಂದಿಲ್ಲ.

ಫೆಬ್ರವರಿ 27: ಪುಣೆ

ಅವಳು ಆಫೀಸಿಗೆ ಹೋದಳು. ನಾನು ಆಟೊ ಹಿಡಿದೆ. ಡ್ರೈವರ್ ಫೋನಿನಲ್ಲಿ ಕನ್ನಡದಲ್ಲಿ ಯಾರಿಗೋ ಗದರುತ್ತಿದ್ದ. ಕೇಳಿದರೆ "ನಾವು ಇಂಡಿ ಕಡೆಯವ್ರ್ರೀ ಅಕ್ಕಾರ" ಅಂದ. ಶಿವಾಜಿನಗರದ ಸಿಮ್ಲಾ ಆಫೀಸಿಗೆ ಹೋಗಬೇಕು ಅಂದೆ.

"ಅಲ್ರೀ, ಪುಣ್ಯಾದಾಗ ಸಿಮ್ಲಾ ಯಾಕ್ ಬಂತ್ರೀ? ನಾ ಸೇಬಿನ ಆಫೀಸ್ ಅಂದ್ಕೊಂಡಿದ್ದೆ."

ಹವಾಮಾನ ಇಲಾಖೆಯ ಮುಖ್ಯ ಕಚೇರಿ ಮೊದಲು ಸಿಮ್ಲಾದಲ್ಲಿತ್ತು, 1928ರಲ್ಲಿ ಪುಣೆಗೆ ಬಂತು. ಆಮೇಲೆ ಮುಖ್ಯ ಕಚೇರಿ ದೆಹಲಿಗೆ ಹೋದರೂ ಜನರ ಬಾಯಲ್ಲಿ ಆ ಹೆಸರು ಉಳಿಯಿತು. ಹವಾಮಾನ ವಿಜ್ಞಾನಿ ಅಣ್ಣಾ ಮಣಿ 1948ರಲ್ಲಿ ಕೆಲಸಕ್ಕೆ ಸೇರಿದ್ದು ಇಲ್ಲಿ. ಬೆಂಗಳೂರಿನಲ್ಲಿ ರಾಮನ್ ಹತ್ತಿರ ವಜ್ರದ ಬೆಳಕನ್ನು ಅಭ್ಯಾಸ ಮಾಡಿದವರು, ಇಲ್ಲಿ ಮಳೆಮಾಪಕ, ಬಿಸಿಲುಮಾಪಕಗಳಿಗೆ ಕೈಹಾಕಿದರು. ಆಗ ನಮ್ಮಲ್ಲಿ ಹವೆಯ ಉಪಕರಣಗಳು ಹೊರದೇಶದಿಂದ ಬರುತ್ತಿದ್ದವು. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದೇ ಅಳತೆಗೆ ತಂದು, ಇಲ್ಲೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆ ಇರುವುದಕ್ಕಿಂತ ಅಳತೆಯೇ ಇಲ್ಲದಿರುವುದು ವಾಸಿ ಅಂತ ನಂಬಿದವರು. ಕೊಲಾಬಾದಲ್ಲಿ ಸೂಜಿ ನೋಡಿ ಬರೆದವರ ಜಾತಿ.

ಇಂಜಿನಿಯರಿಂಗ್ ಕಾಲೇಜಿನ ಮುಂದೆ ಆಟೊ ನಿಲ್ಲಿಸಿದೆ. ಅದು ಕಾಲೇಜ್ ಆಫ್ ಸೈನ್ಸ್ ಆಗಿದ್ದಾಗ ಕಾವಸ್‌ಜಿ ನಯೇಗಾಂವಾಲಾ ಇಲ್ಲಿ 20 ಇಂಚಿನ ದೂರದರ್ಶಕ ಇಟ್ಟಿದ್ದರು. 1912ರಲ್ಲಿ ಅವರು ನಿವೃತ್ತರಾದ ಮೇಲೆ ಅದೂ ಊರು ಬಿಟ್ಟಿತು, ಕೊಡೈಕೆನಾಲಿಗೆ. ಮಧ್ಯಾಹ್ನ ಐಯುಕಾ ಎಂಬ ಖಗೋಳವಿಜ್ಞಾನ ಕೇಂದ್ರದಲ್ಲಿ ಆರ್ಯಭಟ, ಗೆಲಿಲಿಯೊ, ನ್ಯೂಟನ್, ಐನ್‌ಸ್ಟೈನ್ ಮೂರ್ತಿಗಳ ಮಧ್ಯೆ ಸ್ವಲ್ಪ ಹೊತ್ತು. ಚಂದ ಇದೆ, ಆದರೆ ನನಗೆ ಮೂರ್ತಿಗಳಿಗಿಂತ ಮಳೆಮಾಪಕ ಇಷ್ಟ.

ಸಂಜೆ ಫರ್ಗ್ಯುಸನ್ ಕಾಲೇಜಿನ ಮರಗಳ ಕೆಳಗೆ ಕೂತು ಭಾವನಿಗೆ ಫೋನ್ ಮಾಡಿದೆ. ಇಲ್ಲಿ ಓದಿದ ಡಿ.ಆರ್. ಕಾಪ್ರೇಕರ್ ಆಮೇಲೆ ನಾಶಿಕದ ಹತ್ತಿರದ ದೇವಳಾಲಿಯಲ್ಲಿ ಶಾಲೆಯ ಮೇಷ್ಟ್ರಾದರು. ಬಿಡುವಿನಲ್ಲಿ ಅಂಕಿಗಳ ಜೊತೆ ಆಡುವುದೇ ಅವರ ಹುಚ್ಚು. "ಒಂದು ಲೆಕ್ಕ ಕೊಡ್ತೇನೆ ಭಾವ. ಯಾವುದಾದರೂ ನಾಲ್ಕಂಕಿ ತಗೊಳ್ಳಿ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದ ಉತ್ತರಕ್ಕೆ ಮತ್ತೆ ಹಾಗೇ ಮಾಡಿ. ನಮ್ಮ ಬಿರುಗಾಳಿಯ 1859 ನೋಡಿ. 9851ರಲ್ಲಿ 1589 ಹೋದರೆ?"

ಪೆನ್ನು ಹುಡುಕುವ ಸದ್ದೂ ಇಲ್ಲ. "8262." ಆಮೇಲೆ ಅವರೇ ಮುಂದುವರಿಸಿದರು. 6354. 3087. 8352. 6174.

"ಇನ್ನೊಂದು ಸಲ ಮಾಡಿ."

"7641ರಲ್ಲಿ 1467..." ಸ್ವಲ್ಪ ಸುಮ್ಮನಿದ್ದರು. "ಪುನಃ 6174."

"ಏನು ತಗೊಂಡರೂ ಏಳು ಸಲದೊಳಗೆ ಅದೇ ಬರುತ್ತೆ."

"ಹಾಗಾದ್ರೆ ನೋಡ್ತೇನೆ" ಅಂದು ಫೋನ್ ಇಟ್ಟರು. ಊಟ ಆಯ್ತಾ ಅಂತಲೂ ಕೇಳಲಿಲ್ಲ.

ಫೆಬ್ರವರಿ 28: ಖೋಡದ್

ವಿಜ್ಞಾನ ದಿನ. ಅಕ್ಕನ ಮಗಳು ರಜೆ ಹಾಕಿದ್ದಳು. ನಾಶಿಕ್ ರಸ್ತೆಯಲ್ಲಿ ನಾರಾಯಣಗಾಂವ್‌ವರೆಗೆ ಹೋಗಿ ಒಳಗೆ ತಿರುಗಿದರೆ ದ್ರಾಕ್ಷಿ ತೋಟಗಳು, ಈರುಳ್ಳಿ ಹೊಲಗಳು. ಹೊಲದ ಆಚೆ ತಟ್ಟನೆ ಒಂದು ದೈತ್ಯ ಬುಟ್ಟಿ. ಅದರ ಆಚೆ ಇನ್ನೊಂದು. ಆಕಾಶದ ರೇಡಿಯೊ ಅಲೆ ಹಿಡಿಯುವ ಜಿಎಂಆರ್‌ಟಿ ದೂರದರ್ಶಕ ಇದೇ.

ನಾಲ್ಕನೇ ಗೇಟು ತೆರೆದಿತ್ತು. ಈ ದಿನ ಇಲ್ಲಿ ಎಲ್ಲರಿಗೂ ಪ್ರವೇಶ. ಹಳ್ಳಿ ಶಾಲೆಗಳ ಮಕ್ಕಳು ಬಸ್ಸು, ಟೆಂಪೊಗಳಲ್ಲಿ ಬಂದು ತುಂಬಿದ್ದರು. ನಾವು ಕಾರಿನಲ್ಲೇ ಮೊಬೈಲ್ ಆಫ್ ಮಾಡಿದೆವು. ಆಕಾಶದಿಂದ ಬರುವ ರೇಡಿಯೊ ಅಲೆಗಳು ಅಷ್ಟು ಕ್ಷೀಣ, ಕಿಸೆಯ ಒಂದು ಫೋನು ಬುಟ್ಟಿಗಳ ಕಿವಿಯಲ್ಲಿ ಕಿರುಚಿದಂತೆ.

ಒಂದೊಂದು ಬುಟ್ಟಿಯ ಅಗಲ 45 ಮೀಟರ್. ಅಂಥವು 30. ಹದಿನಾಲ್ಕು ನಡುವೆ ಒತ್ತಾಗಿವೆ, ಉಳಿದ ಹದಿನಾರು ಮೂರು ತೋಳುಗಳಲ್ಲಿ ಹೊಲ ಗುಡ್ಡ ದಾಟಿ ಹರಡಿವೆ. ಎಲ್ಲದರ ಸಂಕೇತ ಸೇರಿಸಿದರೆ ಸುಮಾರು 25 ಕಿಲೋಮೀಟರ್ ಅಗಲದ ಒಂದೇ ದೂರದರ್ಶಕದಷ್ಟು ಸೂಕ್ಷ್ಮವಾಗಿ ನೋಡಬಹುದು. ಬುಟ್ಟಿಯೊಳಗೆ ತಗಡು ಇಲ್ಲ, ಸಣ್ಣ ಸ್ಟೀಲ್ ತಂತಿಯ ಬಲೆ. "ತೂತಿನಲ್ಲಿ ಅಲೆ ಸೋರಿ ಹೋಗಲ್ವಾ?" ಅಂತ ಒಬ್ಬ ಹುಡುಗ ಮರಾಠಿಯಲ್ಲಿ ಕೇಳಿದ. ಒಳ್ಳೆಯ ಪ್ರಶ್ನೆ. ಇಲ್ಲಿ ಹಿಡಿಯುವ ಅಲೆಯ ಉದ್ದ 21 ಸೆಂಟಿಮೀಟರಿನಿಂದ 2 ಮೀಟರ್. ಬಲೆಯ ತೂತು ಒಂದೆರಡು ಸೆಂಟಿಮೀಟರ್. ಅಲೆಗೆ ಅದು ಗೋಡೆಯೇ, ಗಾಳಿಗೆ ಮಾತ್ರ ಬಾಗಿಲು. ಗಾಳಿ ತೂರಿ ಹೋಗುವುದರಿಂದ ಭಾರೀ ಕಂಬ, ಭಾರೀ ಮೋಟಾರು ಬೇಡ. ಖರ್ಚೂ ಕಡಿಮೆ. ಈ ಉಪಾಯ ಇದನ್ನು ಕಟ್ಟಿಸಿದ ಖಗೋಳವಿಜ್ಞಾನಿ ಗೋವಿಂದ ಸ್ವರೂಪ್ ಅವರದು.

ಸ್ವರೂಪ್ ಶುರುಮಾಡಿದ್ದು ಎಲ್ಲಿ ಗೊತ್ತಾ? ಕಲ್ಯಾಣದಲ್ಲಿ. ಅಕ್ಕನ ಮನೆಯಿಂದ ಎರಡನೇ ಸ್ಟೇಷನ್! ಆಸ್ಟ್ರೇಲಿಯಾದವರು ಕೊಟ್ಟ 32 ಸಣ್ಣ ಬುಟ್ಟಿಗಳನ್ನು ಅಲ್ಲಿ ಸಾಲಾಗಿ ನಿಲ್ಲಿಸಿ 1965ರಲ್ಲಿ ಸೂರ್ಯನನ್ನು ಕೇಳಿದರು. ಆಮೇಲೆ ಊಟಿಯ ಗುಡ್ಡ, ಆಮೇಲೆ ಖೋಡದ್. ಇವತ್ತಿನ ಕಲ್ಯಾಣದಲ್ಲಿ ಪಕ್ಕದವರು ಹೇಳಿದ್ದೇ ಕೇಳುವುದಿಲ್ಲ. ಖೋಡದ್ ಆರಿಸಲು ಗುಡ್ಡಗಳ ಮರೆ, ರೇಡಿಯೊ ಗದ್ದಲ ಕಡಿಮೆ ಅನ್ನುವ ಕಾರಣಗಳ ಜೊತೆ ಇನ್ನೊಂದಿದೆ. ಭೂಕಾಂತದ ಸಮಭಾಜಕ ರೇಖೆ ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. ಅದರ ಮೇಲಿನ ಅಯಾನುಗೋಳದಲ್ಲಿ (ರೇಡಿಯೊ ಅಲೆಗಳು ಹಾದು ಬರುವ, ವಿದ್ಯುದಾವೇಶ ತುಂಬಿದ ಗಾಳಿಯ ಪದರ) ಗಲಿಬಿಲಿ ಜಾಸ್ತಿ. ಖೋಡದ್ ಅದರಿಂದ ಸಾಕಷ್ಟು ಉತ್ತರಕ್ಕಿದೆ. ಅಂದರೆ ಈ ಬುಟ್ಟಿಗಳಿಗೆ ಜಾಗ ಹುಡುಕುವಾಗಲೂ ಸೂಜಿಯ ಮಾತು ಕೇಳಬೇಕಾಯಿತು.

2016ರಲ್ಲಿ ಯುರೋಪಿನವರ ಸ್ಕಿಯಾಪರೆಲ್ಲಿ ನೌಕೆ ಮಂಗಳಕ್ಕೆ ಇಳಿಯುವಾಗ ಅದರ ದನಿಗೆ ಕಿವಿಗೊಟ್ಟದ್ದು ಈ ಬುಟ್ಟಿಗಳು. ಇಳಿಯುವುದಕ್ಕೆ ಸ್ವಲ್ಪ ಮೊದಲು ದನಿ ನಿಂತಿತು. ನೌಕೆ ಅಪ್ಪಳಿಸಿ ಹೋಗಿತ್ತು.

ನಾವು ನಿಂತಿದ್ದಾಗ ಬುಟ್ಟಿ ಮೆಲ್ಲಗೆ ತಿರುಗತೊಡಗಿತು. ಅಷ್ಟು ಮಕ್ಕಳ ಗಲಾಟೆ ಒಂದು ಗಳಿಗೆ ನಿಂತಿತು. ಆಮೇಲೆ ಎರಡರಷ್ಟಾಯಿತು.

ನಾರಾಯಣಗಾಂವ್‌ನಲ್ಲಿ ಮಿಸಳ್ ತಿನ್ನಲು ಕೂತಾಗ ಫೋನ್ ಆನ್ ಮಾಡಿದೆ. ಭಾವನಿಂದ ಹದಿನಾಲ್ಕು ಮೆಸೇಜು. ರೈಲ್ವೆ ಪಾಸಿನ ಕೊನೆಯ ನಾಲ್ಕಂಕಿ: 6174. ಕರೆಂಟು ಬಿಲ್ಲು: 6174. ಗ್ಯಾಸ್ ಪುಸ್ತಕ, ಹಳೆಯ ಹೋಟೆಲಿನ ಫೋನ್ ನಂಬರ್, ಅಕ್ಕನ ಮದುವೆ ವರ್ಷ: 6174. ಹದಿನಾಲ್ಕನೆಯದು ಮಾತ್ರ ಬೇರೆ ತರ ಇತ್ತು.

"7777 ಹಾಕಿದೆ. ಸೊನ್ನೆ ಬಂತು. ನಿನ್ನ ಮೇಷ್ಟ್ರು ಕೈಕೊಟ್ಟ ಮಾರಾಯ್ತಿ."

ನಾಲ್ಕೂ ಅಂಕಿ ಒಂದೇ ಇರಬಾರದು ಅನ್ನುವುದನ್ನು ಹೇಳಲು ನಾನು ಮರೆತಿದ್ದೆ.